ಗರಸು ರಸ್ತೆಗೆ ಎಂಥ ಶೂ? ದೇವರಗುಡ್ಡದ ದಾರಿಯಲ್ಲಿ ಗಟ್ಟಿ ಸೋಲ್‌ನ ಲೆಕ್ಕಾಚಾರ

ಇಯರ್‌ಫೋನ್ ಹಾಕ್ಕೊಂಡು ಕೇಳೋಕೆ ಆಗದವರಿಗೆ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೀನಿ, ಹಾಗಾಗಿ ಅಲ್ಲಲ್ಲಿ ಮಾತಿನ ಧಾಟಿ ಉಳಿದಿದ್ದರೆ ಹಾಗೇ ಓದ್ಕೊಳ್ಳಿ.

ದೇವರಗುಡ್ಡದ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದರು. "ಅಣ್ಣಾ, ಎಂಟು ತಿಂಗಳಿಂದ ಹತ್ತು ಸಾವಿರ ಕೂಡಿಸಿಟ್ಟೀನಿ. ಸೈಕಲ್ ಐತಿ. ಪೆಡಲ್‌ಗೆ ಸಿಕ್ಕೊಳ್ಳೋ ಗಟ್ಟಿ ಸೋಲ್‌ನ ಶೂ ತಗೋಬೇಕಂತ ಆಸೆ. ಇಪ್ಪತ್ತೈದು ಕಿಲೋಮೀಟರ್ ದಾಟಿದ ಮ್ಯಾಲ ಪಾದ ಜೋಮು ಹಿಡೀತೈತಿ. ಯೂಟ್ಯೂಬ್‌ನಾಗ ಒಬ್ಬೊಬ್ಬರು ಒಂದೊಂದು ಹೇಳ್ತಾರ. ತಪ್ಪು ಶೂ ತಗೊಂಡ್ರ ಮತ್ತ ಒಂದು ವರ್ಷ ಕೂಡಿಸಬೇಕು ನೋಡ್ರಿ." ಬೆಂಗಳೂರಲ್ಲಿ ಕೂತು ಮೂರು ಜೋಡಿ ಶೂ ತರಿಸಿ, ಎರಡು ವಾಪಸ್ ಕಳಿಸೋರಿಗೆ ಇದು ದೊಡ್ಡ ವಿಷಯ ಅಲ್ಲದೇ ಇರಬಹುದು. ಎಂಟು ತಿಂಗಳ ಉಳಿತಾಯ ಅಂದಾಗ ವಿಷಯವೇ ಬೇರೆ. ಅದಕ್ಕೇ ಇವತ್ತಿನ ಪೂರ್ತಿ ಸಂಚಿಕೆ ಇದಕ್ಕೇ ಮೀಸಲು.

ಶೂ ಬಗ್ಗೆ ಮಾತಾಡೋ ಮೊದಲು ನೆಲದ ಬಗ್ಗೆ ಮಾತಾಡೋಣ. ಶೂ ಆಯ್ಕೆಯಲ್ಲಿ ಅರ್ಧ ಕೆಲಸ ಅದೇ ಮಾಡುತ್ತೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸುತ್ತ ಸೈಕಲ್ ತುಳಿದವರಿಗೆ ಗೊತ್ತು, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದೇ ತಾಸಿನಲ್ಲಿ ಮೂರು ಥರದ ನೆಲ ಸಿಗುತ್ತೆ. ಗುಡ್ಡದ ಬದಿಗೆ ಗರಸು ಹಾಕಿದ ದಾರಿ, ಸಣ್ಣ ಕಲ್ಲು, ಮೇಲೆ ಸಡಿಲ ಧೂಳು. ಕೆಳಗೆ ಬಂದರೆ ಎರೆ ಹೊಲದ ನಡುವಿನ ಬಂಡಿ ದಾರಿ. ನಡುವೆ ಎಲ್ಲೋ ಡಾಂಬರು ಕಿತ್ತು, ಕಡಿ ಮಾತ್ರ ಉಳಿದ ರಸ್ತೆ. ವಿದೇಶದಲ್ಲಿ ಇದಕ್ಕೆ ಗ್ರಾವೆಲ್ ಅಂತ ಹೆಸರಿಟ್ಟು, ಅದಕ್ಕೇ ಬೇರೆ ಸೈಕಲ್, ಬೇರೆ ಶೂ, ಬೇರೆ ಚಡ್ಡಿ ಎಲ್ಲಾ ಮಾರ್ತಾರೆ. ನಮ್ಮಲ್ಲಿ ಅದಕ್ಕೆ ಹೊಲದ ದಾರಿ ಅಂತಾರೆ, ಅಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಒಳಗಿನ ದಾರಿಗಳು ಮ್ಯಾಪ್‌ನಲ್ಲಿ ಚೆನ್ನಾಗಿ ಕಾಣ್ತವೆ ಅಂತ ಸುಮ್ಮನೆ ನುಗ್ಗಬೇಡಿ. 1974ರಿಂದ ಅದು ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗಿಲ್ಲ. ಹೊರಗಿನ ಹಳ್ಳಿ ರಸ್ತೆಗಳೇ ನಮಗೆ ಸಾಕಷ್ಟಿವೆ.

ಸೋಲ್ ಯಾಕೆ ಗಟ್ಟಿ ಇರಬೇಕು?

ನಮ್ಮ ಅಜ್ಜಂದಿರು ಹವಾಯಿ ಚಪ್ಪಲಿ ಹಾಕ್ಕೊಂಡು, ಹಿಂದೆ ಮೇವಿನ ಹೊರೆ ಕಟ್ಟಿ, ಸಂತೆಗೆ ಸೈಕಲ್ ತುಳಿದುಕೊಂಡು ಹೋಗಿ ಬಂದವರು. ಅವರಿಗೆ ಪಾದ ಜೋಮು ಹಿಡೀತಿತ್ತಾ? ಬಹುಶಃ ಇಲ್ಲ. ಆ ಹಳೇ ಸೈಕಲ್ಲಿನ ಪೆಡಲ್ ನೆನಪು ಮಾಡ್ಕೊಳ್ಳಿ. ಅಗಲವಾದ ಎರಡು ರಬ್ಬರ್ ತುಂಡು. ಪಾದದ ಭಾರ ಅಷ್ಟು ಅಗಲಕ್ಕೆ ಹಂಚಿಹೋಗ್ತಿತ್ತು. ಜೊತೆಗೆ ಪಾದವನ್ನ ಬೇಕಾದ ಹಾಗೆ ಹಿಂದೆ ಮುಂದೆ ಸರಿಸ್ಕೋಬಹುದಿತ್ತು.

ಈಗಿನ ಕ್ಲಿಪ್‌ಲೆಸ್ ಪೆಡಲ್ ಹಾಗಲ್ಲ. ಶೂ ಅಡಿಯಲ್ಲಿ ಕ್ಲೀಟ್ ಅನ್ನೋ ಸಣ್ಣ ಲೋಹದ ತುಂಡು ಇರುತ್ತೆ, ಎರಡು ಬೆರಳು ಜೋಡಿಸಿದಷ್ಟು ಅಗಲ. ಅದು ಪೆಡಲ್‌ನ ಸ್ಪ್ರಿಂಗ್‌ಗೆ ಕಚ್ಚಿಕೊಳ್ಳುತ್ತೆ. ನಿಮ್ಮ ಕಾಲಿನ ಜೋರೆಲ್ಲ ಆ ಸಣ್ಣ ತುಂಡಿನ ಮೂಲಕವೇ ಹೋಗಬೇಕು. ಸೋಲ್ ಮೆತ್ತಗಿದ್ದರೆ ಆ ತುಂಡು ಒಳಗಿನಿಂದ ಒತ್ತೋದು ಗೊತ್ತಾಗುತ್ತೆ. ಸಣ್ಣ ಕಲ್ಲಿನ ಮೇಲೆ ನಿಂತ ಹಾಗೆ. ಗಟ್ಟಿ ಸೋಲ್ ಹಲಗೆ ಥರ ಆ ಒತ್ತಡವನ್ನ ಮುಂಗಾಲಿನ ಪೂರ್ತಿ ಅಗಲಕ್ಕೆ ಹರಡುತ್ತೆ. ಗರಸಿನ ಮೇಲೆ ಸೈಕಲ್ ಕುಣಿಯುವಾಗ ಇನ್ನೊಂದು ಲಾಭವೂ ಇದೆ. ಪಾದ ಪ್ರತಿ ಸಲ ಬಾಗಿ ಏಳೋದಿಲ್ಲ, ಹಾಗಾಗಿ ಪಾದದ ಕಮಾನು, ಮೀನಖಂಡ ಬೇಗ ದಣಿಯಲ್ಲ.

ಕ್ಲಿಪ್‌ಲೆಸ್ ಅಂದ್ರೆ ಕ್ಲಿಪ್ ಇಲ್ಲದ್ದು, ಆದ್ರೆ ಕಾಲು ಸಿಕ್ಕಿಸ್ತೀವಲ್ಲ ಅಂತ ಕೇಳೋರು ತುಂಬಾ ಜನ. ಹಿಂದೆ ಪೆಡಲ್ ಮುಂದೆ ಪಂಜರದ ಹಾಗೆ ಒಂದು ಟೋ ಕ್ಲಿಪ್, ಅದಕ್ಕೊಂದು ಬೆಲ್ಟ್ ಇರ್ತಿತ್ತು. ಅದು ಹೋಯಿತು ಅನ್ನೋದಕ್ಕೇ ಈ ಹೆಸರು. ಫ್ರಾನ್ಸಿನ ಲುಕ್ ಕಂಪನಿ ಸ್ಕೀ ಬೂಟಿನ ಹಿಡಿತದ ತಂತ್ರವನ್ನು ತಂದು 1984ರಲ್ಲಿ ರೋಡ್ ಪೆಡಲ್ ಮಾಡಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲ್ ಹಾಕಿ ಟೂರ್ ದ ಫ್ರಾನ್ಸ್ ಗೆದ್ದ. ಮಣ್ಣಿನ ದಾರಿಯವರಿಗೆ ಬೇಕಾಗಿದ್ದು ಬಂದಿದ್ದು 1990ರಲ್ಲಿ, ಜಪಾನಿನ ಶಿಮಾನೋದಿಂದ, ಎಸ್‌ಪಿಡಿ ಹೆಸರಲ್ಲಿ. ಇದರ ಕ್ಲೀಟ್ ಚಿಕ್ಕದು, ಎರಡು ಬೋಲ್ಟ್. ಶೂ ಸೋಲಿನ ಗುಳಿಯೊಳಗೆ ಕೂರುತ್ತೆ. ಸುತ್ತ ರಬ್ಬರ್ ಹಲ್ಲುಗಳು ಇರೋದರಿಂದ ನೆಲಕ್ಕೆ ತಾಗೋದು ರಬ್ಬರ್, ಲೋಹ ಅಲ್ಲ. ಅಂದರೆ ನಡೀಬಹುದು.

ಇಲ್ಲೇ ಮೊದಲ ದೊಡ್ಡ ತಪ್ಪು ಆಗೋದು. ಆನ್‌ಲೈನ್‌ನಲ್ಲಿ ಡಿಸ್ಕೌಂಟ್ ಕಂಡು ರೋಡ್ ಶೂ ಆರ್ಡರ್ ಮಾಡಿಬಿಡ್ತಾರೆ. ಅದರಲ್ಲಿ ಮೂರು ಬೋಲ್ಟ್‌ನ ತೂತು, ದೊಡ್ಡ ಪ್ಲಾಸ್ಟಿಕ್ ಕ್ಲೀಟ್, ಅದು ಸೋಲ್‌ನಿಂದ ಹೊರಗೆ ಚಾಚಿರುತ್ತೆ. ಡಾಂಬರಿನ ಮೇಲೆ ಒಳ್ಳೇದೇ. ಆದರೆ ಗರಸಿನ ಏರಿನಲ್ಲಿ ಇಳಿದು ಸೈಕಲ್ ತಳ್ಳಬೇಕಾಗಿ ಬಂದರೆ ಬಾತುಕೋಳಿ ನಡಿಗೆ, ಮೇಲೆ ಕ್ಲೀಟ್ ಬೇರೆ ಸವೆದು ಹೋಗುತ್ತೆ. ಶೂ ಮಗುಚಿ ಸೋಲ್‌ನ ಫೋಟೋ ನೋಡಿ. ಎರಡು ಉದ್ದನೆ ಸೀಳು, ಸುತ್ತ ರಬ್ಬರ್ ಹಲ್ಲು ಇದ್ದರೆ ನಮಗೆ. ತ್ರಿಕೋನದಲ್ಲಿ ಮೂರು ತೂತು ಇದ್ದರೆ ನಮಗಲ್ಲ.

ಎಷ್ಟು ಗಟ್ಟಿ?

ಶೂ ಡಬ್ಬಿ ಮೇಲೆ ಸ್ಟಿಫ್‌ನೆಸ್ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತೆ. ಆರು, ಎಂಟು, ಹತ್ತು. ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡೀತಾರಲ್ಲ, ಒಂದೇ ಸಾಲು, ಆಮೇಲೆ ಮಳೆ ಬೆಳೆ ರಾಜಕೀಯ ಅಂತ ಊರೆಲ್ಲ ಒಂದೊಂದು ಅರ್ಥ ಹೇಳುತ್ತೆ. ಈ ಅಂಕಿಯೂ ಹಾಗೇ ಆಗಿಬಿಟ್ಟಿದೆ. ಒಂದು ಕಂಪನಿಯ ಎಂಟು ಇನ್ನೊಂದು ಕಂಪನಿಯ ಎಂಟಕ್ಕೆ ಸಮ ಅಲ್ಲ. ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ಹೋಲಿಸೋಕೆ ಮಾತ್ರ ಅದನ್ನ ಬಳಸಿ.

ಅದರ ಬದಲು ಸೋಲ್ ಯಾವುದರಿಂದ ಮಾಡಿದ್ದು ಅಂತ ನೋಡಿ. ಕಡಿಮೆ ಬೆಲೆಯದು ಬರೀ ನೈಲಾನ್. ನಡುವಿನದು ಗಾಜಿನ ನಾರು ಬೆರೆಸಿದ ನೈಲಾನ್. ಮೇಲಿನದು ಕಾರ್ಬನ್. ಮೂರನೇದೇ ಬೆಸ್ಟ್ ಅಂತ ಅಂಗಡಿಯವರು ಹೇಳೋದು ಸಹಜ, ಯಾಕೆಂದರೆ ದುಡ್ಡು ಇರೋದೇ ಅಲ್ಲಿ. ಆದರೆ ನಮ್ಮ ಕೇಳುಗರ ದೂರು ಏನು? ಪಾದ ಜೋಮು ಹಿಡಿಯೋದು. 2003ರಲ್ಲಿ ಪಾದದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಬಂದಿತ್ತು. ಕಾರ್ಬನ್ ಸೋಲ್ ಮತ್ತು ಪ್ಲಾಸ್ಟಿಕ್ ಸೋಲ್ ಶೂಗಳಲ್ಲಿ ಅಂಗಾಲಿನ ಒತ್ತಡ ಅಳೆದಾಗ, ಕಾರ್ಬನ್‌ನಲ್ಲಿ ಗರಿಷ್ಠ ಒತ್ತಡ ಶೇ. 18ರಷ್ಟು ಹೆಚ್ಚು ಬಂತು. ಮುಂಗಾಲಿನ ನೋವು, ಉರಿ ಇರೋರಿಗೆ ಅತಿ ಗಟ್ಟಿ ಸೋಲ್ ತೊಂದರೆ ಹೆಚ್ಚು ಮಾಡಬಹುದು ಅನ್ನೋದು ಅದರ ಸಾರ. ಮೆತ್ತಗಿದ್ದರೂ ಕಷ್ಟ, ಕಲ್ಲಿನ ಹಾಗಿದ್ದರೂ ಕಷ್ಟ.

ಇನ್ನೊಂದು, ಅತಿ ಗಟ್ಟಿ ಸೋಲ್ ನಡೆಯುವಾಗ ಬಾಗಲ್ಲ. ಹಿಮ್ಮಡಿ ಶೂನಿಂದ ಮೇಲೆ ಎದ್ದುಬರುತ್ತೆ, ಹತ್ತು ನಿಮಿಷ ತಳ್ಳಿದರೆ ಬೊಬ್ಬೆ. ಮೌಂಟನ್ ಬೈಕ್ ಮತ್ತು ಗ್ರಾವೆಲ್‌ಗೆ ಮಾಡಿದ ಒಳ್ಳೆ ಶೂಗಳಲ್ಲಿ ಮಧ್ಯಭಾಗ ಗಟ್ಟಿ ಇದ್ದು, ಕ್ಲೀಟ್‌ನ ಮುಂದೆ ಬೆರಳಿನ ಹತ್ತಿರ ಸ್ವಲ್ಪ ಬಾಗೋ ಹಾಗೆ ಬಿಟ್ಟಿರ್ತಾರೆ. ಅಂಗಡಿಯಲ್ಲಿ ಶೂ ಕೈಯಲ್ಲಿ ಹಿಡಿದು ಎರಡು ತುದಿ ಒತ್ತಿ ನೋಡಿ. ನಡುವೆ ಮಡಚಿದರೆ ಬಿಟ್ಟುಬಿಡಿ. ಬೆರಳ ಹತ್ತಿರ ಮಾತ್ರ ಚೂರು ಬಾಗಿದರೆ ಸರಿ. ಈ ಒಂದು ಪರೀಕ್ಷೆ ಡಬ್ಬಿ ಮೇಲಿನ ಅಂಕಿಗಿಂತ ಹೆಚ್ಚು ಹೇಳುತ್ತೆ.

ಹಾಗಾದ್ರೆ ಕ್ಲೀಟ್ ಶೂ ಬೇಕೇ ಬೇಕಾ? ಇದನ್ನ ನೇರವಾಗಿ ಕೇಳಿದವರು ಕಡಿಮೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸವಾರರಿಗೆ ಮಾಮೂಲಿ ರನ್ನಿಂಗ್ ಶೂ ಮತ್ತು ಫ್ಲಾಟ್ ಪೆಡಲ್, ಆಮೇಲೆ ಟೋ ಕ್ಲಿಪ್, ಆಮೇಲೆ ಗಟ್ಟಿ ಸೋಲ್‌ನ ಕ್ಲೀಟ್ ಶೂ ಕೊಟ್ಟು ತುಳಿಸಿದರು. 50ರಿಂದ 150 ವ್ಯಾಟ್‌ನ ಆರಾಮದ ವೇಗದಲ್ಲಿ ದೇಹ ಖರ್ಚು ಮಾಡೋ ಶಕ್ತಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದೇ ಗುಂಪಿನವರು ಆಮೇಲೆ ಏರಿನಲ್ಲಿ ಪೂರ್ತಿ ಜೋರು ಹಾಕಿ ಓಡಿಸೋ ಪ್ರಯೋಗ ಮಾಡಿದಾಗ ಮಾತ್ರ ಕ್ಲೀಟ್ ಶೂ ಸ್ಪಷ್ಟವಾಗಿ ಮುಂದೆ ಬಂತು. ನಮ್ಮ ಭಾಷೇಲಿ ಹೇಳೋದಾದ್ರೆ, ಬೆಳಿಗ್ಗೆ ಚಹಾ ಕುಡಿಯೋಕೆ ಮೋಟೆಬೆನ್ನೂರಿಗೆ ಹೋಗಿ ಬರೋರಿಗೆ ಶೂ ಬದಲಾಯಿಸಿದರೆ ವೇಗ ಬರಲ್ಲ. ರೇಸ್ ಓಡೋರಿಗೆ, ಗುಡ್ಡದ ಏರಿನಲ್ಲಿ ಸ್ನೇಹಿತನನ್ನ ಹಿಂದೆ ಹಾಕಬೇಕು ಅನ್ನೋರಿಗೆ ಬರುತ್ತೆ. ಮತ್ತೆ ಏರುಪೇರಿನ ದಾರಿಯಲ್ಲಿ ಪಾದ ಪೆಡಲ್‌ನಿಂದ ಹಾರಿಹೋಗಲ್ಲ, ಅದೂ ಸಣ್ಣ ಲಾಭ ಅಲ್ಲ.

ನಮ್ಮ ಕಡೆ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇಡ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ದೇಶಮಟ್ಟದ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. ಪಕ್ಕದ ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯೂ ನಡೆದಿದೆ. ಮೌಂಟನ್ ಬೈಕ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕಿರಣ್ ಕುಮಾರ್ ರಾಜು ನಮ್ಮ ರಾಜ್ಯದವರೇ. ಆ ಮಟ್ಟದ ಕನಸು ಇದ್ದರೆ ಕ್ಲೀಟ್ ಕಲಿಯೋದು ಬೇಗ ಆದಷ್ಟು ಒಳ್ಳೇದು. ಕನಸು ಬರೀ ಭಾನುವಾರದ್ದಾದರೆ ಫ್ಲಾಟ್ ಪೆಡಲ್‌ಗೆ ಮಾಡಿದ ಶೂ ಸಾಕು. ಅದರ ಸೋಲ್ ಮಧ್ಯೆ ಸ್ವಲ್ಪ ಗಟ್ಟಿ, ಅಡಿಯಲ್ಲಿ ಅಂಟಿಕೊಳ್ಳೋ ಮೆತ್ತನೆ ರಬ್ಬರ್, ಹಲ್ಲುಗಳಿಲ್ಲದೆ ಸಪಾಟು. ಪೆಡಲ್‌ನ ಸಣ್ಣ ಮೊಳೆಗಳು ಆ ರಬ್ಬರ್‌ಗೆ ಕಚ್ಚುತ್ತವೆ. ಓಡೋ ಶೂ ಇದಕ್ಕೆ ಸರಿಯಲ್ಲ, ಅದರ ಸೋಲ್ ಸ್ಪಂಜು. ತುಳಿದ ಜೋರನ್ನ ಅದೇ ಹೀರಿಕೊಳ್ಳುತ್ತೆ.

ಪಾದ ನಮ್ಮದು, ಅಳತೆ ಅವರದು

ಜೋಮು ಹಿಡಿಯೋದಕ್ಕೆ ಸೋಲ್ ಒಂದೇ ಕಾರಣ ಅಲ್ಲ. ನನ್ನ ಪ್ರಕಾರ ಹೆಚ್ಚಿನ ಸಲ ಕಾರಣ ಅಗಲ. ಸೈಕಲ್ ಶೂಗಳು ಯುರೋಪಿನವರ ತೆಳ್ಳನೆ ಪಾದಕ್ಕೆ ಹೊಲಿದ ಹಾಗಿರುತ್ತವೆ. 2009ರಲ್ಲಿ ಬೆಲ್ಜಿಯಂನ ಸಂಶೋಧಕರು ದಕ್ಷಿಣ ಭಾರತದವರ ಪಾದ ಅಳೆದು ಒಂದು ಅಧ್ಯಯನ ಪ್ರಕಟಿಸಿದರು. ಬರಿಗಾಲಲ್ಲೇ ನಡೆದು ಬೆಳೆದವರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ, ಮತ್ತು ಒತ್ತಡ ಹೆಚ್ಚು ಸಮನಾಗಿ ಹಂಚಿಕೆ ಆಗುತ್ತೆ ಅಂತ ಕಂಡುಬಂತು. ಹೊಲದಲ್ಲಿ, ಅಂಗಳದಲ್ಲಿ, ಗುಡಿ ಮೆಟ್ಟಿಲಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದ ಅದು. ಅಂಥ ಪಾದವನ್ನ ಮುಂದೆ ಕಿರಿದಾದ ಶೂ ಒಳಗೆ ತುರುಕಿದರೆ ಬೆರಳುಗಳ ನಡುವಿನ ನರ ಒತ್ತಿ ಜೋಮು ಹಿಡಿಯದೇ ಇನ್ನೇನು?

ಹೀಗೆ ಮಾಡಿ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಸೈಕಲ್‌ಗೆ ಹಾಕೋ ಸಾಕ್ಸ್ ಹಾಕ್ಕೊಂಡು ಬಿಳಿ ಹಾಳೆ ಮೇಲೆ ನಿಲ್ಲಿ. ಕೂತ್ಕೊಂಡು ಅಲ್ಲ, ನಿಂತು. ಮನೆಯಲ್ಲಿ ಯಾರಾದರೂ ಪೆನ್ ನೇರ ಹಿಡಿದು ಸುತ್ತ ಗೀರಲಿ. ಹಿಮ್ಮಡಿಯಿಂದ ಉದ್ದ ಬೆರಳಿನ ತುದಿವರೆಗೆ ಸೆಂಟಿಮೀಟರ್‌ನಲ್ಲಿ ಅಳೀರಿ, ಅಗಲ ಇರೋ ಕಡೆ ಅಡ್ಡವೂ ಅಳೀರಿ. ಎರಡೂ ಪಾದ. ದೊಡ್ಡದು ಯಾವುದೋ ಅದೇ ಲೆಕ್ಕ. ನಿಮ್ಮ ಮಾಮೂಲಿ ಶೂ ಎಂಟು ನಂಬರ್ ಅನ್ನೋದನ್ನ ಮರೆತು, ಆ ಕಂಪನಿಯ ಸೆಂಟಿಮೀಟರ್ ಪಟ್ಟಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ವೈಡ್ ಅಂತ ಬೇರೆ ಸಿಗುತ್ತೆ, ಸಿಕ್ಕರೆ ಬಿಡಬೇಡಿ. ಉದ್ದ ಜಾಸ್ತಿ ಮಾಡಿ ಅಗಲ ಸರಿಮಾಡ್ಕೊಳ್ತೀನಿ ಅನ್ನೋದು ಬೇಡ, ಆಗ ಹಿಮ್ಮಡಿ ಸಡಿಲ ಆಗಿ ಕ್ಲೀಟ್ ಕೂರೋ ಜಾಗವೂ ತಪ್ಪುತ್ತೆ.

ಹಾಕಿದ ಮೇಲೆ ಬೆರಳು ಆಡಿಸೋಕೆ ಆಗಬೇಕು, ಹಿಮ್ಮಡಿ ಅಲುಗಬಾರದು. ಮನೆಯೊಳಗೆ ಚಾಪೆ ಮೇಲೆ ಅರ್ಧ ಗಂಟೆ ಹಾಕ್ಕೊಂಡಿರಿ. ಕ್ಲೀಟ್ ಬಿಗಿಯೋ ಮೊದಲೇ ಇದನ್ನ ಮಾಡಿ, ಸೋಲ್‌ಗೆ ಗೀರು ಬಿದ್ದ ಶೂ ವಾಪಸ್ ತಗೊಳ್ಳೋರು ಕಡಿಮೆ.

ಬಿಗಿಯೋ ವಿಧಾನದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಲೇಸ್ ಅಗ್ಗ, ಕಿತ್ತರೆ ಯಾವ ಅಂಗಡಿಯಲ್ಲೂ ಸಿಗುತ್ತೆ, ಆದರೆ ತುದಿ ಸಿಕ್ಕಿಸಿಡದಿದ್ದರೆ ಚೈನ್‌ಗೆ ಸುತ್ತುತ್ತೆ. ವೆಲ್ಕ್ರೋ ಸುಲಭ, ಕೆಸರು ತುಂಬಿದರೆ ಹಿಡಿತ ಕಡಿಮೆ. ತಿರುಗಿಸೋ ಬೋವಾ ಡಯಲ್ ಸುಖ ನಿಜ, ಬೆಲೆ ಮಾತ್ರ ಏರುತ್ತೆ. ಹತ್ತು ಸಾವಿರದ ಬಜೆಟ್‌ನಲ್ಲಿ ನಾನು ಡಯಲ್‌ಗೆ ದುಡ್ಡು ಹಾಕಲ್ಲ.

ಎರೆ ಮಣ್ಣಿಗೆ ಒಂದು ಅಧ್ಯಾಯವೇ ಬೇಕು. ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಇಳಿದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲು ಎರಡು ಕೆಜಿ ಆದ ಹಾಗನಿಸುತ್ತೆ. ಆ ಮಣ್ಣು ಕ್ಲೀಟ್ ಗುಳಿಯಲ್ಲಿ ಸಿಮೆಂಟ್ ಥರ ಕೂತರೆ ಶೂ ಪೆಡಲ್‌ಗೆ ಸಿಕ್ಕೋದೇ ಇಲ್ಲ. ಅದಕ್ಕೇ ರಬ್ಬರ್ ಹಲ್ಲುಗಳ ನಡುವೆ ಜಾಗ ಅಗಲ ಇರೋ ಸೋಲ್ ಆರಿಸಿ, ಒತ್ತೊತ್ತಾಗಿ ಹಲ್ಲಿರೋದು ಬೇಡ. ಜೇಬಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ಇಟ್ಕೊಳ್ಳಿ, ಕೆರೆಯೋಕೆ. ತೊಳೆದ ಮೇಲೆ ಒಳಗೆ ಹಳೇ ನ್ಯೂಸ್‌ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಏಪ್ರಿಲ್ ಬಿಸಿಲಲ್ಲಿ ಇಟ್ಟರೆ ಸೋಲ್ ಅಂಟು ಬಿಟ್ಟುಕೊಳ್ಳುತ್ತೆ. ನೆಗ್ಗಿಲು ಮುಳ್ಳಿನ ಪಂಕ್ಚರ್ ಬಗ್ಗೆ ಬೇರೆ ಸಂಚಿಕೆ ಮಾಡ್ತೀನಿ, ಅದರ ಬಗ್ಗೆ ಶುರು ಮಾಡಿದರೆ ಇವತ್ತು ಮುಗಿಯಲ್ಲ.

ಹತ್ತು ಸಾವಿರ ಎಲ್ಲಿಗೆ ಹೋಗುತ್ತೆ

ನಾನು ಬಿ.ಕಾಂ ಓದಿದವನು, ಲೆಕ್ಕ ಬಿಟ್ಟರೆ ನಿದ್ದೆ ಬರಲ್ಲ. ಶೂ ಬೆಲೆ ಅಂದರೆ ಬರೀ ಶೂ ಬೆಲೆ ಅಲ್ಲ. ಪೆಡಲ್ ಬೇರೆ ತಗೋಬೇಕು. ಹೆಚ್ಚಿನ ಪೆಡಲ್ ಜೊತೆ ಕ್ಲೀಟ್ ಬರುತ್ತೆ, ಶೂ ಜೊತೆ ಬರಲ್ಲ. ಒಂದು ಉದಾಹರಣೆ, ಅಂಕಿ ನನ್ನವು. ಶೂಗೆ ಆರೂವರೆ ಸಾವಿರ, ಪೆಡಲ್‌ಗೆ ಮೂರು ಸಾವಿರ, ಉಳಿದ ಐನೂರು ಸಾಕ್ಸ್‌ಗೆ, ಅಲೆನ್ ಕೀಗೆ. ವಾರಕ್ಕೆ ಎರಡು ಸಲ ಅಂದರೆ ವರ್ಷಕ್ಕೆ ಸುಮಾರು ನೂರು ಸಲ. ಮೂರು ವರ್ಷ ಬಾಳಿದರೆ ಒಂದು ಸವಾರಿಗೆ ಮೂವತ್ತಮೂರು ರೂಪಾಯಿ. ಅದೇ ಶೂ ಬಿಗಿಯಾಗಿ ಮೂಲೆಗೆ ಬಿದ್ದು ಹತ್ತೇ ಸಲ ಹಾಕಿದರೆ ಸವಾರಿಗೆ ಸಾವಿರ. ಹಾಗಾಗಿ ಎರಡು ಸಾವಿರದ ಡಿಸ್ಕೌಂಟ್‌ಗಿಂತ, ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಹಾಕಿ ನೋಡೋಕೆ ಆಗೋ ಬಸ್ ಚಾರ್ಜ್ ಅಗ್ಗ. ಹೋಗೋಕೆ ಆಗಲ್ಲ ಅಂದರೆ ಸೈಜ್ ಬದಲಾಯಿಸಿಕೊಡೋ ಕಡೆ ಮಾತ್ರ ಆರ್ಡರ್ ಮಾಡಿ. ಹಳೇ ಶೂ ತಗೊಂಡರೆ ಕ್ಲೀಟ್‌ನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ, ತುಕ್ಕು ಹಿಡಿದ ಬೋಲ್ಟ್ ತಲೆ ಸವೆದರೆ ಬಿಚ್ಚೋಕೆ ಸಾಹಸ ಬೇಕು.

ಕ್ಲೀಟ್ ಕೂರಿಸೋದು ಮನೇಲೇ ಆಗುತ್ತೆ. ಶೂ ಹಾಕ್ಕೊಂಡು ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು ಎಲ್ಲಿ ಅಂತ ಹೊರಗಿನಿಂದ ಮುಟ್ಟಿ, ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಕ್ಲೀಟ್‌ನ ನಡುಭಾಗ ಆ ಎರಡು ಚುಕ್ಕಿಗಳ ನಡುವೆ ಬರಲಿ. ಜೋಮು ಹಿಡಿಯೋ ಪಾದಕ್ಕೆ ಇನ್ನೂ ಸ್ವಲ್ಪ ಹಿಂದೆ, ಹಿಮ್ಮಡಿ ಕಡೆಗೆ ಸರಿಸಿ. ದುಡ್ಡಿಲ್ಲದ ಔಷಧಿ ಇದು. ಬೋಲ್ಟ್‌ಗೆ ಒಂದು ತೊಟ್ಟು ಗ್ರೀಸ್ ಹಚ್ಚಿ ಬಿಗೀರಿ. ಮೊಣಕಾಲು ಒಳಗೋ ಹೊರಗೋ ತಿರುಗಿದ ಹಾಗೆ ಅನಿಸಿದರೆ ಅಲ್ಲೇ ನಿಲ್ಲಿಸಿ ಕ್ಲೀಟ್ ಕೋನ ಬದಲಿಸಿ. ಎರಡು ದಿನ ಸಹಿಸ್ತೀನಿ ಅನ್ನಬೇಡಿ, ಮೊಣಕಾಲು ಹೋದರೆ ಶೂ ಥರ ಬದಲಾಯಿಸೋಕೆ ಬರಲ್ಲ.

ಇನ್ನು ಬೀಳೋದು. ಮೊದಲ ವಾರ ಕ್ಲೀಟ್ ಹಾಕಿದವರು ನಿಂತಲ್ಲೇ ಬೀಳ್ತಾರೆ, ವೇಗದಲ್ಲಿ ಅಲ್ಲ. ಕಾಲು ಬಿಡಿಸೋದು ಮೇಲಕ್ಕೆ ಎತ್ತಿ ಅಲ್ಲ, ಹಿಮ್ಮಡಿಯನ್ನ ಹೊರಗೆ ತಿರುಗಿಸಿ. ತಲೆಗೆ ಗೊತ್ತಿದ್ದರೂ ಕಾಲಿಗೆ ಗೊತ್ತಾಗೋಕೆ ದಿನ ಬೇಕು. ನಮ್ಮ ದಾರೀಲಿ ತಿರುವಿನಲ್ಲಿ ಕುರಿ ಹಿಂಡು, ಎದುರು ಕಬ್ಬಿನ ಟ್ರ್ಯಾಕ್ಟರ್, ಮನೆ ಮುಂದೆ ನಾಯಿ. ಶಾಲೆ ಮೈದಾನದ ಹುಲ್ಲಿನ ಮೇಲೆ ಐವತ್ತು ಸಲ ಹಾಕಿ, ಬಿಡಿಸಿ. ಶಿಮಾನೋ ಪೆಡಲ್ ಆದರೆ ಸ್ಪ್ರಿಂಗ್ ಬಿಗಿತವನ್ನ ಮೂರು ಎಂಎಂ ಅಲೆನ್ ಕೀಯಿಂದ ಪೂರ್ತಿ ಸಡಿಲ ಮಾಡಿಡಿ. ಬೇರೆ ಬೇರೆ ದಿಕ್ಕಲ್ಲಿ ಬಿಡಿಸೋಕೆ ಬರೋ ಎಸ್‌ಎಚ್ 56 ಅನ್ನೋ ಕ್ಲೀಟ್ ಸಿಗುತ್ತೆ, ಕಲಿಯೋರಿಗೆ ಅದೇ ಒಳ್ಳೇದು. ಪೆಡಲ್ ಜೊತೆ ಬಂದಿರೋದು ಎಸ್‌ಎಚ್ 51 ಆಗಿದ್ದರೆ ಅದು ಒಂದೇ ರೀತಿ ಬಿಡುತ್ತೆ ಅನ್ನೋದು ನೆನಪಿರಲಿ. ನಿಲ್ಲೋ ಮೊದಲೇ, ಇನ್ನೂ ಹತ್ತಿಪ್ಪತ್ತು ಮೀಟರ್ ಇರುವಾಗಲೇ ಎಡಗಾಲು ಬಿಡಿಸಿ ಎಡಕ್ಕೆ ವಾಲಿ. ಬಲಕ್ಕೆ ಬಿದ್ದರೆ ವಾಹನ ಬರೋ ಕಡೆ ಬೀಳ್ತೀರಿ.

ಗುಡ್ಡದ ಮೇಲೆ ಮಾಲತೇಶನ ದರ್ಶನಕ್ಕೆ ಹೋಗೋರು ಕಲ್ಲಿನ ಮೆಟ್ಟಿಲಲ್ಲಿ ಕ್ಲೀಟ್ ಶೂ ಹಾಕ್ಕೊಂಡು ಹತ್ತಬೇಡಿ. ಸವೆದ ರಬ್ಬರ್ ಹಲ್ಲಿನ ನಡುವಿಂದ ಲೋಹ ಹೊರಗೆ ಬಂದಿದ್ದರೆ ನುಣುಪು ಕಲ್ಲಿನ ಮೇಲೆ ಜಾರುತ್ತೆ. ಕೆಳಗೇ ಬಿಚ್ಚಿ ಬ್ಯಾಗಿಗೆ ಹಾಕ್ಕೊಂಡು ಹೋಗಿ. ಮೇಲೆ ಹೇಗಿದ್ದರೂ ಬಿಚ್ಚಲೇಬೇಕು. ಆರೂವರೆ ಸಾವಿರದ ಶೂ ಚಪ್ಪಲಿ ರಾಶೀಲಿ ಬಿಟ್ಟು ಕೈಮುಗಿದರೆ ಮನಸ್ಸು ದೇವರ ಮೇಲೆ ನಿಲ್ಲೋದಾದರೂ ಹೇಗೆ?

ನಮ್ಮ ಕೇಳುಗರಿಗೆ ನನ್ನ ಉತ್ತರ ಇದು ತಮ್ಮಾ: ಕಾರ್ಬನ್ ಬೇಡ. ಎರಡು ಬೋಲ್ಟ್‌ನ, ಗಾಜಿನ ನಾರು ಬೆರೆಸಿದ ನೈಲಾನ್ ಸೋಲ್, ಅಗಲ ಮಾಡೆಲ್, ಹಲ್ಲು ದೂರ ದೂರ ಇರೋದು. ಅದಕ್ಕೂ ಮೊದಲು ಈಗಿರೋ ಶೂನ ಲೇಸ್ ಮುಂದಿನ ಎರಡು ತೂತು ಸಡಿಲ ಮಾಡಿ ಒಂದು ವಾರ ತುಳಿದು ನೋಡು. ಜೋಮು ಕಡಿಮೆ ಆದರೆ ನಿನ್ನ ಸಮಸ್ಯೆ ಅಗಲ, ಸೋಲ್ ಅಲ್ಲ. ಆಗ ಫ್ಲಾಟ್ ಪೆಡಲ್ ಶೂ ತಗೊಂಡು ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸು. ಕಾಲು ಬಿಟ್ಟಮೇಲೂ ತಾಸುಗಟ್ಟಲೆ ಜೋಮು ಹೋಗದಿದ್ದರೆ ಶೂ ಅಂಗಡಿಗೆ ಅಲ್ಲ, ಡಾಕ್ಟರ್ ಹತ್ರ ಹೋಗು.

ಬೇರೆಯವರ ಪ್ರಶ್ನೆಗಳಿಗೂ ವಾಯ್ಸ್ ನೋಟ್ ಕಳಿಸಿ. ಶೂ ಬಗ್ಗೆ ಕೇಳೋದಾದರೆ ಪಾದದ ಉದ್ದ, ಅಗಲ ಎರಡೂ ಸೆಂಟಿಮೀಟರ್‌ನಲ್ಲಿ ಹೇಳಿ. ಬರೀ "ಎಂಟು ನಂಬರ್" ಅಂದರೆ ನಾನು ಏನೂ ಹೇಳೋಕಾಗಲ್ಲ.